ಒಂದೇ ಡಬ್ಬಿಯ ಬಿಳಿ ಮಾತ್ರೆಗಳು

ಬಿಸ್ಕತ್ ಪ್ಯಾಕೆಟ್ ತಲೆಕೆಳಗಾಯಿತು. ಬಿಸ್ಕತ್ತುಗಳು ಡಬ್ಬಿಗೆ ಬಿದ್ದವು. ಕೆಲವು ನೆಲಕ್ಕೂ ಉರುಳಿದವು. ಚಿಟ್ಟೆ ಅವುಗಳ ಕಡೆ ನೋಡಲೇ ಇಲ್ಲ. ಖಾಲಿ ಪ್ಯಾಕೆಟ್ಟನ್ನು ಕೊಡವಿ ಚೀಲಕ್ಕೆ ತುರುಕಿದಳು.

ಒಂದು ಕಡೆ ಕೂರುವವಳಲ್ಲ ಎಂದು ಮನೆಯವರು ಅವಳಿಗೆ ಇಟ್ಟ ಹೆಸರು ಚಿಟ್ಟೆ. ಇವತ್ತಂತೂ ಅವಳ ಕಾಲು ನೆಲದ ಮೇಲೇ ಇರಲಿಲ್ಲ. ಶಾಲೆಯಲ್ಲಿ ಇವತ್ತೇ ಪ್ಲಾಸ್ಟಿಕ್ ತೂಗುತ್ತಾರೆ. ಮನೆಯಲ್ಲಿ ಖಾಲಿಯಾದ ಕವರು, ಪ್ಯಾಕೆಟ್ಟುಗಳನ್ನು ತೊಳೆದು ಒಣಗಿಸಿ ತನ್ನಿ, ಮರುಬಳಕೆಗೆ ಕಳಿಸೋಣ ಎಂದು ಟೀಚರ್ ಹೇಳಿದ್ದರು. ಯಾವ ಬೆಂಚಿನವರದು ಹೆಚ್ಚು ತೂಗುತ್ತದೋ ಅವರಿಗೆ ಹೊಸ ಟೇಬಲ್ ಟೆನ್ನಿಸ್ ಮೇಜಿನಲ್ಲಿ ಮೊದಲ ಆಟ.

ಚಿಟ್ಟೆಯ ಬೆಂಚಿನಲ್ಲಿ ಇನ್ನೊಬ್ಬ ಕಡ್ಡಿ. ಊದಿದರೆ ಹಾರಿಹೋಗುವ ಹಾಗಿದ್ದ ಅವನು ಒಟ್ಟು ಕೂಡಿಟ್ಟಿದ್ದು ಎರಡೇ ಹಾಲಿನ ಕವರು.

"ನಮ್ಮಮ್ಮ ಅಂಗಡಿಗೆ ಡಬ್ಬಿ ತಗೊಂಡೋಗ್ತಾರೆ. ಕವರ್ ಬರೋದೇ ಇಲ್ಲ, ನಾನೇನ್ ಮಾಡ್ಲಿ?" ಅಂದಿದ್ದ.

"ಹಾಗಾದ್ರೆ ಬೇರೆಯವ್ರು ಆಡುವಾಗ ಬಾಲ್ ಹೆಕ್ಕಿ ಕೊಡು," ಎಂದು ಚಿಟ್ಟೆ ರೇಗಿದ್ದಳು.

ಅದಕ್ಕೇ ಈ ಅವಸರ. ನಿನ್ನೆ ಅಂಗಡಿಯಲ್ಲಿ ಒಂದೇ ಒಂದು ಸೋಪಿಗೆ ಎರಡು ಕವರ್ ಕೇಳಿ ತಂದಿದ್ದಳು. ಅಮ್ಮ ಬೆಳಿಗ್ಗೆಯೇ ಹೊಲಿಗೆ ಅಂಗಡಿಗೆ ಹೋಗಿಯಾಗಿತ್ತು. ಅಜ್ಜಿ ಹಿಂದುಗಡೆ ಬಟ್ಟೆ ಒಣಹಾಕುತ್ತಿದ್ದಳು. ಉಪ್ಪಿನ ಪ್ಯಾಕೆಟ್ ಖಾಲಿಯಾಯಿತು. ಸೋಪಿನ ಪುಡಿ ಕೈಗೆ ಸಿಕ್ಕ ಡಬ್ಬಿಗೆ ಹೋಯಿತು. ಅದು ಸಕ್ಕರೆ ಡಬ್ಬಿ.

ಆದರೂ ಚೀಲ ತುಂಬಲಿಲ್ಲ. ಅಜ್ಜಿಯ ಮಂಚದ ಪಕ್ಕ, ಕಿಟಕಿಯಲ್ಲಿ ಮಾತ್ರೆ ಶೀಟುಗಳು ಮಿನುಗುತ್ತಿದ್ದವು.

ಟಕ್, ಟಕ್, ಟಕ್. ಎರಡು ಬಗೆಯ ಶೀಟು, ಎರಡರಲ್ಲೂ ಬಿಳಿ ಗುಂಡು ಮಾತ್ರೆ. ಎಲ್ಲವೂ ಒಂದು ಪುಟ್ಟ ಸ್ಟೀಲ್ ಡಬ್ಬಿಗೆ ಬಿದ್ದವು. ಶೀಟಿನಿಂದ ಮಾತ್ರೆ ಒತ್ತಿ ತೆಗೆಯಲು ಅಜ್ಜಿ ದಿನಾ ಒದ್ದಾಡುತ್ತಾಳೆ, ಇನ್ನು ಆ ಕಷ್ಟವಿಲ್ಲ ಎಂದುಕೊಂಡು ಚಿಟ್ಟೆ ಓಡಿದಳು.

ಶಾಲೆಯಲ್ಲಿ ಊಟದ ಬಿಡುವಿಗೆ ಮುಂಚೆ ಟೀಚರ್ ಚೀಲಗಳನ್ನು ನೆಲಕ್ಕೆ ಸುರಿಸಿ, ಬಗೆಬಗೆಯದನ್ನು ಬೇರೆ ಮಾಡತೊಡಗಿದರು. ಚಿಟ್ಟೆಯ ರಾಶಿಯೇ ದೊಡ್ಡದು. ಅವಳು ಕಡ್ಡಿಗೆ ಕಣ್ಣು ಹೊಡೆದಳು.

ಟೀಚರ್ ಆ ರಾಶಿಯಿಂದ ಮಾತ್ರೆ ಶೀಟುಗಳನ್ನು ಎತ್ತಿ ಪಕ್ಕಕ್ಕಿಟ್ಟರು. ಪ್ಲಾಸ್ಟಿಕ್ಕಿಗೆ ಲೋಹದ ಹಾಳೆ ಅಂಟಿಸಿದ್ದಾರೆ, ಬಿಡಿಸುವುದು ಕಷ್ಟ, ನಮ್ಮಲ್ಲಿಗೆ ಬರುವ ಮರುಬಳಕೆ ಗಾಡಿಯವರು ಇದನ್ನು ಒಯ್ಯುವುದಿಲ್ಲ ಎಂದರು. ಆಮೇಲೆ ಮತ್ತೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಇದ್ರಲ್ಲಿದ್ದ ಮಾತ್ರೆಗಳೆಲ್ಲಿ?"

"ಅಜ್ಜೀದು, ಟೀಚರ್. ಡಬ್ಬಿಗೆ ಹಾಕಿಟ್ಟಿದ್ದೀನಿ."

"ಎರಡನ್ನೂ ಒಂದೇ ಡಬ್ಬಿಗಾ? ಇದು ಬಿಪಿದು, ಇದು ಶುಗರ್‌ದು ಕಣೇ."

ಚಿಟ್ಟೆ ಗೋಡೆಯ ಗಡಿಯಾರ ನೋಡಿದಳು. ಮಧ್ಯಾಹ್ನ ಊಟವಾದ ಮೇಲೆ ಒಂದು, ರಾತ್ರಿ ಇನ್ನೊಂದು. ಅಜ್ಜಿಯ ಊಟ ಇಷ್ಟು ಹೊತ್ತಿಗೆ ಆಗಿರುತ್ತದೆ.

ಟೀಚರ್ ಅವಳನ್ನು ಆಫೀಸಿಗೆ ಕರೆದುಕೊಂಡು ಹೋಗಿ ಮನೆಗೆ ಫೋನ್ ಹಚ್ಚಿಕೊಟ್ಟರು. ರಿಂಗ್ ಆಯಿತು. ಆಗುತ್ತಲೇ ಇತ್ತು. ಚಿಟ್ಟೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸಿ ನಿಂತಳು. ಅಂಗಿಯ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಫೋನ್ ಕಟ್ಟಾಯಿತು. ಟೀಚರ್ ಮತ್ತೆ ಒತ್ತಿದರು. ಯಾರೂ ಕರೆಯದೆಯೇ ಕಡ್ಡಿ ಬಾಗಿಲ ಬಳಿ ಬಂದು ನಿಂತಿದ್ದ.

"ಹಲೋ?"

"ಅಜ್ಜಿ, ಮಾತ್ರೆ ನುಂಗಿದ್ಯಾ?"

"ಏನ್ ನುಂಗ್ಲಿ? ಆಗಿಂದ ಡಬ್ಬಿ ಮುಂದಿಟ್ಕೊಂಡು ಕೂತಿದ್ದೀನಿ. ಎಲ್ಲಾ ಅವಳಿಜವಳಿ ಥರ ಇವೆ."

"ನುಂಗ್ಬೇಡ ಅಜ್ಜಿ. ಒಂದೂ ನುಂಗ್ಬೇಡ. ನಾನೇ ಹಾಗ್ ಮಾಡಿದ್ದು."

ಅತ್ತ ಡಬ್ಬಿಯ ಮುಚ್ಚಳ ಹಾಕಿದ ಸದ್ದಾಯಿತು.

"ಪಕ್ಕದ್ಮನೆಯವ್ರು ಬಂದಿದ್ರು, ಅವ್ರ ಟೀಗೆ ಸಕ್ಕರೆ ಹಾಕಿದೆ, ನೊರೆ ಬಂತು. ಆಗ್ಲೇ ಗೊತ್ತಾಯ್ತು ನಿಂದೇ ಕೆಲಸ ಅಂತ. ಅಳಬೇಡ, ಮೂಗು ಒರೆಸ್ಕೋ."

ಶಾಲೆ ಬಿಟ್ಟಾಗ, ತೂಕದಲ್ಲಿ ಯಾರು ಗೆದ್ದರೆಂದು ಚಿಟ್ಟೆ ಕೇಳಲಿಲ್ಲ. ಕಡ್ಡಿ ಹೇಳಲು ಹಿಂದೆಯೇ ಬಂದ. ಅಷ್ಟರಲ್ಲಿ ಅವಳು ಗೇಟು ದಾಟಿ ಓಡುತ್ತಿದ್ದಳು.

ಟೀಚರ್ ಫೋನ್ ಮಾಡಿದ್ದರಿಂದ ಅಮ್ಮ ಬೇಗ ಬಂದಿದ್ದಳು. ಡಾಕ್ಟರನ್ನೂ ಕೇಳಿಯಾಗಿತ್ತು. ಮಧ್ಯಾಹ್ನದ್ದು ಬಿಟ್ಟುಹೋದರೆ ಹೋಗಲಿ, ರಾತ್ರಿಯದು ತಪ್ಪಿಸಬೇಡಿ ಎಂದರಂತೆ. ಅಮ್ಮ, ಚಿಟ್ಟೆ ಇಬ್ಬರೂ ಮಾತ್ರೆ ಡಬ್ಬಿ ಹಿಡಿದು ಮೆಡಿಕಲ್ ಶಾಪಿಗೆ ನಡೆದರು. ಅಲ್ಲಿನ ಅಕ್ಕ ಮಾತ್ರೆಗಳನ್ನು ಕಾಗದದ ಮೇಲೆ ಹರಡಿ, ಬೆಳಕಿಗೆ ಹಿಡಿದು ನೋಡಿದಳು. ಅವುಗಳ ಮೇಲೆ ಅಕ್ಷರವಿಲ್ಲ, ಗೆರೆಯಿಲ್ಲ. ಊಹೆಯ ಮೇಲೆ ಔಷಧಿ ಕೊಡುವುದಕ್ಕಾಗುತ್ತದೆಯೇ? ಎಲ್ಲವನ್ನೂ ಕಾಗದದಲ್ಲೇ ಮಡಿಸಿ, ಎಸೆಯುವ ಔಷಧಿಗಳ ಡಬ್ಬಕ್ಕೆ ಹಾಕಿದಳು. ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚಿಟ್ಟೆಗೆ.

ಅಕ್ಕ ಹೊಸ ಶೀಟುಗಳನ್ನು ಕವರಿಗೆ ಹಾಕಹೊರಟಳು.

"ಕವರ್ ಬೇಡ ಅಕ್ಕಾ." ಚಿಟ್ಟೆ ಎರಡೂ ಕೈ ಚಾಚಿದಳು.

ಬೀದಿಗೆ ಬಂದ ಮೇಲೆ ಅಮ್ಮನ ಮುಖ ನೋಡದೆಯೇ ಕೇಳಿದಳು, "ಅಮ್ಮಾ, ಕಡ್ಡಿಯ ಅಮ್ಮ ಯಾವ ಅಂಗಡಿಗೆ ಡಬ್ಬಿ ತಗೊಂಡೋಗ್ತಾರೆ ಅಂತ ಕೇಳ್ಕೊಂಡು ಬರ್ಲಾ?"

"ಮೊದ್ಲು ಆ ಸಕ್ಕರೆ ಡಬ್ಬಿ ತೊಳಿ," ಅಂದಳು ಅಮ್ಮ. ಅವಳ ತುಟಿ ಸ್ವಲ್ಪ ಅರಳಿದ ಹಾಗಿತ್ತು.

ಬಲಗೈಯಲ್ಲಿ ಮಧ್ಯಾಹ್ನದ್ದು, ಎಡಗೈಯಲ್ಲಿ ರಾತ್ರಿಯದು. ಬಾಯೊಳಗೇ ಅದನ್ನು ಹೇಳಿಕೊಳ್ಳುತ್ತ ಚಿಟ್ಟೆ ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ಯಾವಾಗಲೂ ಅವಳ ಹಿಂದೆ ಓಡುತ್ತಿದ್ದ ಅಮ್ಮ ಇವತ್ತು ತಿರುವಿನಲ್ಲಿ ನಿಂತು ಅವಳಿಗಾಗಿ ಕಾದಳು.