ಸರ್ವರ್ ಕಕ್ಕಿದ ಸಾಲು

ಅಕಾಲದಲ್ಲಿ ಸತ್ತವರು ಹೊಸ್ತಿಲಾಚೆ ನಿಂತು ಹೆಸರು ಹಿಡಿದು ಕೂಗುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು. ನನ್ನ ಅಕ್ಕ ಶ್ರೀವಾಣಿ ಕೂಗಿದ್ದು ಕಂಪ್ಯೂಟರಿನೊಳಗಿಂದ.

ನರಸಾಪುರದ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮಗ ನಂದೀಶಣ್ಣ ಆನ್‌ಲೈನ್ ಆಟವೊಂದರ ಸರ್ವರ್ ನಡೆಸುತ್ತಾನೆ. ಶಿಫ್ಟ್ ಮುಗಿಸಿದ ಫ್ಯಾಕ್ಟರಿ ಹುಡುಗರೆಲ್ಲ ಆಡುವುದು ಅದರಲ್ಲೇ. ಆ ಸಾಫ್ಟ್‌ವೇರಿನಲ್ಲಿ ಒಂದು ದೋಷವಿತ್ತು. ಚಾಟಿನಲ್ಲಿ ಶೇಕಡಾ ಗುರುತು ಹಾಕಿ ಪಕ್ಕದಲ್ಲಿ ಎಸ್ ಅಕ್ಷರ ಒತ್ತಿದರೆ, ಸರ್ವರ್ ಅದನ್ನು ಮಾತೆನ್ನದೆ ಅಪ್ಪಣೆಯೆಂದು ತಿಳಿದು, ತನ್ನ ಮೆಮರಿಯಲ್ಲಿದ್ದುದನ್ನೆಲ್ಲ ಕಕ್ಕುತ್ತಿತ್ತು.

ಒಂದು ಮಧ್ಯಾಹ್ನ ನಾನು ಒತ್ತಿದೆ. ಗೋಜಲು ಅಕ್ಷರಗಳ ನಡುವೆ ಒಂದು ಸಾಲು ಬಂತು: “ಚಿನ್ನೀ, ಬಾಗಿಲು ತೆಗಿಯೇ. ಮೈಯೆಲ್ಲ ಒದ್ದೆ.”

ನನ್ನನ್ನು ಚಿನ್ನಿ ಎನ್ನುತ್ತಿದ್ದವಳು ಅಕ್ಕ ಒಬ್ಬಳೇ. ಹೋದ ವರ್ಷ ಕೆರೆಯಲ್ಲಿ ಕಾಲು ಜಾರಿ ಸತ್ತಳೆಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು.

ಮತ್ತೆ ಒತ್ತಿದೆ. “ಕೆರೆ ಹತ್ರ ಯಾರ ಜೊತೆ ಹೋಗಿದ್ದೆ ಅಂತ ಹೇಳ್ತೀನಿ, ತೆಗಿ.”

ಹಿಂದೆ ನಂದೀಶಣ್ಣ ನಿಂತಿದ್ದ. “ಹಳೇ ಚಾಟು ಕಣೇ. ಮೆಮರೀಲಿ ಉಳ್ಕೊಂಡಿರುತ್ತೆ.”

“ಈ ಕಂಪ್ಯೂಟರ್ ತಂದಿದ್ದೇ ಅಕ್ಕ ಹೋದ್ಮೇಲೆ ಅಲ್ವೇನಣ್ಣ?”

“ಏಳೇ, ಅಜ್ಜಿ ಮೊಮ್ಮಗಳೇ! ತೂತು ಹಿಂಗೇ ಬಿಟ್ರೆ ಯಾವನಾದ್ರೂ ಸರ್ವರೇ ಕಿತ್ಕೊಂತಾನೆ.”

“ಇನ್ನೊಂದೇ ಸಲ ಒತ್ತಲಾ?”

“ಏಳು ಅಂದೆ.”

ಆ ದೋಷ ಗೊತ್ತಾಗಿ ತಿಂಗಳುಗಳಾಗಿದ್ದರೂ ಸರಿಪಡಿಸಲು ಅವನಿಗೆ ಪುರುಸೊತ್ತಿರಲಿಲ್ಲ. ಅಂದು ಕಾಫಿ ಆರುವುದರೊಳಗೆ ಆ ತೂತು ಮುಚ್ಚಿಬಿಟ್ಟ. ಈಗ ಎಷ್ಟು ಒತ್ತಿದರೂ ನಾನು ಒತ್ತಿದ್ದೇ ತಿರುಗಿ ಕಾಣುತ್ತದೆ. ಅಮ್ಮನಿಗೆ ಹೇಳಿದರೆ, “ಸತ್ತೋಳನ್ನ ಸುಮ್ನಿರಕ್ಕೆ ಬಿಡೇ” ಎಂದಳು.

ಹಗಲೂ ರಾತ್ರಿ ಓಡುವ ಆ ಕಂಪ್ಯೂಟರಿನ ಡಬ್ಬಿ ಏಪ್ರಿಲ್ ಬಿಸಿಲಲ್ಲೂ ಕೆರೆಯ ಕಲ್ಲಿನಂತೆ ತಣ್ಣಗಿರುತ್ತದೆ. ನಂದೀಶಣ್ಣ ಅದನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ.