ಅಳಿಸಿದ ದೃಷ್ಟಿಬೊಟ್ಟು

ಕೋಲಾರದ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಮಕ್ಕಳ ವೈದ್ಯೆಯಾಗಲು ತರಬೇತಿ ಪಡೆಯುತ್ತಿದ್ದೇನೆ. ಕಾಡಿಗೆಯಿಂದ ಸೋಂಕು ತಗಲುತ್ತದೆಂದು ಹಸುಗೂಸುಗಳ ಕೆನ್ನೆಯ ದೃಷ್ಟಿಬೊಟ್ಟನ್ನು ದಿನವೂ ಒದ್ದೆ ಹತ್ತಿಯಲ್ಲಿ ಒರೆಸುತ್ತಿದ್ದೆ. ಅಜ್ಜಿಯರ ಬೈಗುಳ ನನಗೆ ಲೆಕ್ಕಕ್ಕೇ ಇರಲಿಲ್ಲ.

"ಅಳಿಸ್ಬೇಡಿ ಡಾಕ್ಟ್ರಮ್ಮ, ಅದು ನೋಡ್ತಾ ಐತೆ," ಎಂದು ಶ್ರೀನಿವಾಸಪುರದ ಮುನಿಯಲ್ಲಮ್ಮ ಮೊಮ್ಮಗನನ್ನು ಅವುಚಿಕೊಂಡಳು.

"ಕೈ ತೆಗೀರಿ! ಮಕ್ಕಳು ಸಾಯೋದು ನಿಮ್ಮಂಥವರಿಂದಲೇ," ಎಂದು ರೇಗಿ ಒರೆಸಿಬಿಟ್ಟೆ.

ವಾರ್ಡಿನ ಅಳುವೆಲ್ಲ ಒಮ್ಮೆಗೇ ನಿಂತಿತು. ಮಟಮಟ ಮಧ್ಯಾಹ್ನ, ಆದರೂ ಕಾಲಡಿಯ ನೆಲ ಮಂಜಿನಂತೆ ಕೊರೆಯತೊಡಗಿತು. ಕೂಸುಗಳೆಲ್ಲ ಕಿಟಕಿಯ ಬಳಿಯ ಖಾಲಿ ತೊಟ್ಟಿಲನ್ನೇ ನೋಡುತ್ತಿದ್ದವು. ಆಮೇಲೆ ನಿಧಾನವಾಗಿ, ಒಟ್ಟಿಗೆ, ನನ್ನ ಕಡೆ ತಿರುಗಿದವು.

"ಇನ್ಮೇಲೆ ನಿಮ್ಮನ್ನ ನೋಡ್ತೈತೆ," ಎಂದಳು ಮುನಿಯಲ್ಲಮ್ಮ.

ಈಗ ದಿನವೂ ಕಿವಿಯ ಹಿಂದೆ ನಾನೇ ಬೊಟ್ಟಿಟ್ಟುಕೊಂಡು ಬರುತ್ತೇನೆ. ವಾರ್ಡಿನ ಬಾಗಿಲು ದಾಟುತ್ತಲೇ, ತಣ್ಣನೆಯ ಒದ್ದೆ ಹತ್ತಿಯೊಂದು ಅದನ್ನು ಒರೆಸಿಹಾಕುತ್ತದೆ.