ಬಿರುಗಾಳಿ ಮಾಸ್ತರು ಕಳಿಸಿದ ಪೆಟ್ಟಿಗೆಗಳು

"ನಿಮ್ಮ ಕೆಲಸ ಕಲ್ಲು ಕೊಯ್ಯೋದು. ಓದೋದು ನನಗೆ ಬಿಡಿ."

ಮೊದಲ ದಿನವೇ ಅವನು ಅವಳಿಗೆ ಹೇಳಿದ ಮಾತಿದು. ಪ್ರಯೋಗಾಲಯದಲ್ಲಿ ಕಲ್ಲನ್ನು ಬೆಳಕು ತೂರುವಷ್ಟು ತೆಳ್ಳಗೆ ಅರೆಯುವವಳು ಅವಳು. ಅವನು ತಂದ ಕಲ್ಲಿನ ಮೇಲೆ, ಯಾವ ಕಡೆ ಮೇಲು ಅಂತ ತೋರಿಸುವ ಗುರುತಿನ ಬಾಣ ತಲೆಕೆಳಗಾಗಿದೆ ಅಂದಿದ್ದಳು, ಅಷ್ಟೇ.

ಮರುದಿನ ಅವನೇ ಮುಖ ಸಣ್ಣದು ಮಾಡಿಕೊಂಡು ಬಂದು ನಿಂತ. ಹೇಗೆ ಗೊತ್ತಾಯಿತು ಅಂತ ಕೇಳಿದ.

"ಬಿರುಗಾಳಿ ಕಡಲತಳ ಕಲಕಿದ ಮೇಲೆ ಭಾರದ ಚಿಪ್ಪು ಮೊದಲು ಕೂರುತ್ತೆ. ಮರಳು ಆಮೇಲೆ, ಕೆಸರು ಕಡೆಗೆ. ನಿಮ್ಮ ಕಲ್ಲಲ್ಲಿ ಚಿಪ್ಪು ಮೇಲಿತ್ತು."

ಅವನು ನಕ್ಕುಬಿಟ್ಟ. ಅವಳ ಎದೆಯೊಳಗೆ ಏನೋ ಜಾರಿದಂತಾಯಿತು...

ಕೋಟ್ಯಂತರ ವರ್ಷಗಳ ಹಿಂದಿನ ಬಿರುಗಾಳಿಗಳ ಗುರುತನ್ನು ಕಲ್ಲುಗಳಲ್ಲಿ ಹುಡುಕುವವನು ಅವನು. ಮಾತು ಮಾತ್ರ ಮುತ್ತಿನಷ್ಟು ಅಪರೂಪ. ಅದಕ್ಕೇ ಜೊತೆಯವರು ತಮಾಷೆಗೆ 'ಬಿರುಗಾಳಿ ಮಾಸ್ತರು' ಅನ್ನುತ್ತಿದ್ದರು. ನಾಲ್ಕು ತಿಂಗಳು ದಿನಾ ಅವಳ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಒಂದೇ ದಿನದ ಆರ್ಭಟ ನಾಲ್ಕು ಬೆರಳು ದಪ್ಪದ ಪದರವಾಗಿ ಉಳಿದದ್ದನ್ನು ತೋರಿಸಿದ. ಅದರ ಮೇಲಿನ ತೆಳು ಕೆಸರು ಕೂರುವುದಕ್ಕೆ ನೂರಾರು ವರ್ಷ ಹಿಡಿದಿತ್ತಂತೆ.

ಆಮೇಲೆ ಅವನಿಗೆ ದೂರದ ಕಡಲದಂಡೆಯಲ್ಲಿ ಎರಡು ವರ್ಷದ ಸಮೀಕ್ಷೆ ಬಂತು. ಹೊರಡುವ ಮುನ್ನಾದಿನ ಪ್ರಯೋಗಾಲಯದ ಬಾಗಿಲಲ್ಲಿ ತಡವರಿಸುತ್ತಾ ನಿಂತ.

"ಅಲ್ಲಿ ನನಗೆ ನಿಮ್ಮ ಕೈ ಬೇಕಿತ್ತು..."

ಕೆಲಸಕ್ಕೊಂದು ಕೈ, ಅಷ್ಟೇನಾ? ಅವಳು ಮುಖ ತಿರುಗಿಸಿದಳು.

"ಕಲ್ಲು ಕೊಯ್ಯೋರು ಎಲ್ಲಾ ಕಡೆ ಸಿಗ್ತಾರೆ" ಅಂದುಬಿಟ್ಟಳು.

ಅವನು ತಲೆಯಾಡಿಸಿ ಹೊರಟುಹೋದ.

ತಿಂಗಳಿಗೊಂದು ಪೆಟ್ಟಿಗೆ ಬರುತ್ತಿತ್ತು. ಒಳಗೆ ಕಲ್ಲುಗಳು, ಅವನ ಕೈಬರಹದ ಸಂಖ್ಯೆಗಳ ಪಟ್ಟಿ. ಹೇಗಿದ್ದೀರಿ ಅನ್ನುವ ಒಂದು ಮಾತಿಲ್ಲ. ಆದರೂ ಅವಳು ಆ ಪಟ್ಟಿಯನ್ನೇ ಪತ್ರದಂತೆ ಮತ್ತೆ ಮತ್ತೆ ಓದುವಳು. ಅವನು ಮುಟ್ಟಿದ ಕಲ್ಲಲ್ಲವೇ ಅಂತ ಬೇಕಾದ್ದಕ್ಕಿಂತ ನಿಧಾನವಾಗಿ ತೊಳೆಯುವಳು.

ಇಪ್ಪತ್ತೆರಡನೇ ಪೆಟ್ಟಿಗೆಯ ಪಟ್ಟಿಯ ಕೆಳಗೆ ಬರೆದಿತ್ತು: 'ಇದು ಕೊನೆಯದು.'

ಅವತ್ತು ಅಕ್ಕನ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಅಕ್ಕ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ಕೈ ಬೇಕು ಅಂದವನನ್ನ ಯಾಕೆ ಅಂತ ಒಂದು ಮಾತು ಕೇಳಿದ್ಯೇನೇ?"

ಕೇಳಿರಲಿಲ್ಲ.

ಮರುದಿನ ಎರಡು ಬಸ್ಸು ಬದಲಿಸಿ ಕಡಲದಂಡೆಗೆ ಹೋದಳು. ಕಡಿದಾದ ಬಂಡೆಯ ಬುಡದಲ್ಲಿ ಅವನು ಬಿಸಿಲಿಗೆ ಕಪ್ಪಾಗಿ, ಅಳತೆಪಟ್ಟಿ ಹಿಡಿದು ನಿಂತಿದ್ದ. ಅವಳನ್ನು ಕಂಡದ್ದೇ ಪಟ್ಟಿ ಕೈಜಾರಿತು.

"ಅವತ್ತು ನನ್ನ ಕೈ ಯಾಕೆ ಬೇಕಿತ್ತು?"

ಅವನು ಅವಳ ಕೈಗಳ ಕಡೆ ನೋಡಿದ.

"ಹಿಡಿಯೋಕೆ."

ಅವಳ ಕಣ್ಣು ತುಂಬಿತು. ಆ ಒಂದು ಮಾತಿಗೆ ಎರಡು ವರ್ಷ...

"ನೀವು ಬೇಡ ಅಂದ್ರಿ ಅಂತಲೇ ತಿಳಿದಿದ್ದೆ" ಅಂದ ಅವನು. "ಹತ್ತನೇ ಪೆಟ್ಟಿಗೆಗೇ ಸಮೀಕ್ಷೆಗೆ ಸಾಕಾಗಿತ್ತು. ಉಳಿದದ್ದೆಲ್ಲ ನಿಮ್ಮ ಹತ್ರ ಹೋಗ್ಲಿ ಅಂತ ಕಳಿಸಿದ್ದು."

"ಹನ್ನೆರಡು ಪೆಟ್ಟಿಗೆ ಸುಮ್ಸುಮ್ನೆ ಅರೆಸಿದ್ರಾ ನನ್ನಿಂದ?" ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಅವನು ಹತ್ತಿರ ಬಂದು ಅವಳ ಎರಡೂ ಕೈ ಹಿಡಿದ. ಅವಳು ಸಂಕೋಚದಿಂದ ಹಿಂದೆಗೆಯಲು ನೋಡಿದಳು.

"ಅರೆದೂ ಅರೆದೂ ಒರಟಾಗಿವೆ..."

"ಇರಲಿ" ಅಂದ. ಬಿಡಲಿಲ್ಲ.